ಹತ್ತನೇ ತರಗತಿಯ ಆಚೆ

ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳನ್ನು ‘ಮುಂದೆ ಏನಾಗಬೇಕು ಅಂತಿದ್ದೀಯ?’ ಎಂದು ಕೇಳುವುದು ರೂಢಿಯಾಗಿತ್ತು. ಹುಡುಗರ ಉತ್ತರ ಹೆಚ್ಚೂಕಡಿಮೆ ಮೂರೇ: ಮಾಸ್ತರ, ಪೊಲೀಸ, ಡ್ರೈವರ್. ಹುಡುಗಿಯರಲ್ಲಿ ಧೈರ್ಯವಿದ್ದವರು ‘ಟೀಚರ್’ ಅನ್ನುತ್ತಿದ್ದರು. ಅಪರೂಪಕ್ಕೆ ಒಬ್ಬಳು ‘ಸಿಸ್ಟರ್’ ಅನ್ನುವಳು. ಉಳಿದವರು ಸೆರಗಿಲ್ಲದ ಹೆಗಲ ಮೇಲೆ ಸೆರಗು ಹುಡುಕುವ ಹಾಗೆ ಕೈ ಆಡಿಸಿ, ತಲೆ ತಗ್ಗಿಸಿ ಕುಳಿತುಬಿಡುತ್ತಿದ್ದರು.

ಈ ಉತ್ತರಗಳನ್ನು ವರ್ಷಾನುಗಟ್ಟಲೆ ಕೇಳಿದ ಮೇಲೆ ಅವುಗಳ ಒಳಗಿನ ವಿಷಯ ಸ್ಪಷ್ಟವಾಯಿತು. ಆ ಮಕ್ಕಳು ಕಣ್ಣಾರೆ ಕಂಡ ಸಂಬಳದ ಕೆಲಸಗಳು ಅವಷ್ಟೇ. ಶಾಲೆಗೆ ಬರುವ ಮಾಸ್ತರ, ಜಾತ್ರೆಯ ಬಂದೋಬಸ್ತಿಗೆ ಬರುವ ಪೊಲೀಸ, ಬಸ್ಸಿನ ಡ್ರೈವರ್, ಕೂಸುಗಳಿಗೆ ಚುಚ್ಚುಮದ್ದು ಹಾಕಲು ಬರುವ ಸಿಸ್ಟರ್. ಹಟ್ಟಿಯ ಚಿನ್ನದ ಗಣಿ ಇರುವುದು ಅದೇ ತಾಲ್ಲೂಕಿನಲ್ಲಿ. ಆದರೆ ಕಲ್ಲು ನೋಡಿ ಚಿನ್ನ ಎಲ್ಲಿದೆಯೆಂದು ಹೇಳುವ ಭೂವಿಜ್ಞಾನಿ ಎಂಬವರೊಬ್ಬರು ಅಲ್ಲಿ ಇರುತ್ತಾರೆಂಬುದು ನಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ. ಗಣಿ ಎಂದರೆ ಕೆಳಗೆ ಇಳಿಯುವ ಕೆಲಸ, ಅಷ್ಟೇ. ಮಗುವಿನ ಆಸೆ ಚಿಕ್ಕದು ಎಂದು ದೊಡ್ಡವರು ಅಂದುಕೊಳ್ಳುತ್ತೇವೆ. ಚಿಕ್ಕದಾಗಿದ್ದದ್ದು ಆ ಮಗುವಿಗೆ ನಾವು ತೋರಿಸಿದ ಲೋಕ.

ಆಗಸ್ಟ್ ಹದಿನೈದಕ್ಕೆ, ಜನವರಿ ಇಪ್ಪತ್ತಾರಕ್ಕೆ ಬರುವ ಅತಿಥಿಗಳು ‘ದೊಡ್ಡ ಕನಸು ಕಾಣಿರಿ ಮಕ್ಕಳೇ’ ಎಂದು ಹೇಳಿ ಹೋಗುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮರುದಿನ ಹಾಜರಿ ಕೂಗಿದರೆ ಅರ್ಧ ಹುಡುಗಿಯರು ಹೊಲದಲ್ಲಿರುತ್ತಿದ್ದರು. ಅತಿಥಿಗಳ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಡವರ ಮನೆಯ ಮಗುವಿಗೆ ‘ಮೇಲೆ ಏರು’ ಎಂದಷ್ಟೇ ಹೇಳಿದರೆ ಆಗುವುದಿಲ್ಲ. ಮುಂದಿನ ಒಂದೇ ಒಂದು ಹೆಜ್ಜೆಯನ್ನು ಅರ್ಜಿಯ ಹೆಸರು, ಕೊನೆಯ ತಾರೀಖು, ಎಷ್ಟು ದುಡ್ಡು, ಯಾವ ಬಸ್ಸು, ಎಲ್ಲಿ ಉಳಿಯುವುದು ಎಂಬುದರ ಸಮೇತ ಹೇಳಬೇಕು. ಆ ಮಾತನ್ನು ಮಗುವಿನ ಮನೆಯಲ್ಲೂ ಕುಳಿತು ಹೇಳಬೇಕು. ಹೆಜ್ಜೆ ಇಟ್ಟಾಗುವವರೆಗೆ ಪಕ್ಕದಲ್ಲಿ ನಿಂತಿರಬೇಕು. ನನ್ನ ಇಡೀ ವೃತ್ತಿಯಲ್ಲಿ ನಾನು ಖಚಿತವಾಗಿ ಕಲಿತದ್ದು ಇದೊಂದನ್ನೇ.

ಇದನ್ನು ನನಗೆ ಮಾಡಿ ತೋರಿಸಿದವರು ಶಿರಾ ತಾಲ್ಲೂಕಿನ ನನ್ನ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1979ರಲ್ಲಿ. ನಮ್ಮದು ಕಡಲೆಕಾಯಿ ಬೆಳೆಯುವ ಮನೆ. ಹುಡುಗಿ ಟಿಸಿಎಚ್ ಶಿಕ್ಷಕ ತರಬೇತಿ ಮಾಡಿಕೊಂಡರೆ ಹೇಗೋ ಒಂದು ಕೆಲಸ ಸಿಗುತ್ತದೆ, ಇಲ್ಲದಿದ್ದರೆ ಮದುವೆ ಮಾಡಿದರಾಯಿತು ಎಂದು ಮನೆಯಲ್ಲಿ ಮಾತು ಮುಗಿದಿತ್ತು. ಫಲಿತಾಂಶ ಬಂದ ವಾರದಲ್ಲಿ ಮೇಷ್ಟ್ರು ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದರು. ಜಗಲಿಯ ಮೇಲೆ ಕುಳಿತು ಅಮ್ಮ ಕೊಟ್ಟ ಮಜ್ಜಿಗೆ ಕುಡಿದರು. ನನ್ನನ್ನು ಹೊಗಳಲಿಲ್ಲ, ಅಪ್ಪನಿಗೆ ಬುದ್ಧಿವಾದವನ್ನೂ ಹೇಳಲಿಲ್ಲ. ‘ಹುಡುಗಿ ಲೆಕ್ಕದಲ್ಲಿ ಚುರುಕಿದ್ದಾಳೆ ಕಣ್ರೀ. ತುಮಕೂರಲ್ಲಿ ಪಿಯುಸಿಗೆ ಸೈನ್ಸ್ ಸಿಗುತ್ತೆ. ಹೆಣ್ಣುಮಕ್ಕಳ ಹಾಸ್ಟೆಲ್ಲೂ ಐತೆ. ಎರಡಕ್ಕೂ ಅರ್ಜಿ ತಂದಿದ್ದೀನಿ. ಸೋಮವಾರ ಕೊನೇ ದಿನ’ ಎಂದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಅಷ್ಟು ದೂರ ಯಾರು ಕರ್ಕೊಂಡು ಹೋಗ್ತಾರೆ ಸಾಮಿ? ನನಗೆ ಆ ಕಾಲೇಜು ಗೀಲೇಜು ಏನೂ ಗೊತ್ತಾಗಲ್ಲ’ ಅಂದರು. ಮೇಷ್ಟ್ರು, ‘ಸೋಮವಾರ ಮೊದಲನೇ ಬಸ್ಸಿಗೆ ನೀವೂ ಬನ್ನಿ, ನಾನೂ ಬರ್ತೀನಿ’ ಎಂದರು. ಬಂದರು. ಕೌಂಟರಿನ ಮುಂದೆ ಅಪ್ಪನ ಪಕ್ಕದಲ್ಲಿ ನಿಂತು, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.

ಮುಂದೆ ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಕೆಲವು ವರ್ಷ ಖಾಸಗಿ ಶಾಲೆಗಳಲ್ಲಿ ದುಡಿದು, 1996ರಲ್ಲಿ ಸರ್ಕಾರಿ ನೌಕರಿಗೆ ಸೇರಿ ರಾಯಚೂರು ಜಿಲ್ಲೆಗೆ ಹೋದೆ. ಒಂದೆರಡು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಬಾ ಎಂದು ಎಲ್ಲರೂ ಹೇಳಿ ಕಳಿಸಿದ್ದರು. ನಿವೃತ್ತಿಯಾಗುವವರೆಗೂ ನಾನು ಅಲ್ಲೇ ಉಳಿದೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ದೋಆಬ್ ಎಂದು ಇತಿಹಾಸದ ಪುಸ್ತಕಗಳಲ್ಲಿ ಓದುವ ಸೀಮೆ ಅದು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಕಾಲುವೆಯ ನೀರು ಹರಿಯದ ಊರುಗಳಲ್ಲಿ ಮಳೆಯೇ ಗತಿ. ತೊಗರಿ, ಸಜ್ಜೆ, ಜೋಳ, ಹತ್ತಿ. ಬೆಳೆ ಕೈಕೊಟ್ಟ ವರ್ಷ ಅಜ್ಜ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು, ಉಳಿದವರೆಲ್ಲ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ನನ್ನ ಹಾಜರಿ ಪುಸ್ತಕದಲ್ಲಿ ದೀಪಾವಳಿಯ ನಂತರದ ಪುಟಗಳು ಆ ಕಥೆಯನ್ನೇ ಹೇಳುತ್ತಿದ್ದವು. ನಿಜಾಮರ ಕಾಲದಲ್ಲಿ ಹೈಸ್ಕೂಲು ಓದಬೇಕೆಂದರೆ ಉರ್ದುವಿನಲ್ಲಿ ಓದಬೇಕಿತ್ತು. ಊರಿನ ಹಿರಿಯರೊಬ್ಬರು ನಾನು ಹೋದಾಗಲೂ ಲೆಕ್ಕವನ್ನು ಉರ್ದು ಅಂಕಿಯಲ್ಲೇ ಬರೆಯುತ್ತಿದ್ದರು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ್ದನ್ನು ಅವರು ನಿನ್ನೆ ಮೊನ್ನೆಯ ಮಾತಿನಂತೆ ಹೇಳುತ್ತಿದ್ದರು. ಅಂಥ ಸೀಮೆಯ ಮಕ್ಕಳನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆ ಕೆಳಗಿದೆ ಎಂಬ ಒಂದೇ ಕಾರಣಕ್ಕೆ ಹಿಂದುಳಿದವರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರು ಹೊರಡುವ ಗೆರೆಯೇ ಬಹಳ ಹಿಂದಿದೆ.

ಒಂದು ಬದಲಾವಣೆಯನ್ನು ನಾನು ಕಣ್ಣಾರೆ ನೋಡಿದೆ. ನಮ್ಮ ಊರಿನ ಸುತ್ತ ದೊಡ್ಡಿಗಳೂ ತಾಂಡಾಗಳೂ ಇದ್ದವು. ಹೊಲದ ನಡುವೆ ನಾಲ್ಕಾರು ಮನೆಗಳಿರುವ ದೊಡ್ಡಿಯ ಹುಡುಗಿಯರು ಏಳನೇ ತರಗತಿಯ ನಂತರ ಬರುತ್ತಲೇ ಇರಲಿಲ್ಲ. 2006ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಎರಡು ವರ್ಷದಲ್ಲಿ ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ಸೈಕಲ್ಲುಗಳ ಸಾಲು ನಿಂತಿತು. ಯಾರೂ ಭಾಷಣ ಮಾಡಿರಲಿಲ್ಲ. ದಾರಿ ಹತ್ತಿರವಾಯಿತು, ಹುಡುಗಿಯರು ಬಂದರು.

ಬಂದವರನ್ನು ಹತ್ತನೇ ತರಗತಿಯ ಆಚೆ ದಾಟಿಸುವುದು ಮುಂದಿನ ಕೆಲಸ. ನನಗೆ ಅದಕ್ಕೆ ಸಿಕ್ಕ ಒಳ್ಳೆಯ ಹಿಡಿಕೆ ಎನ್‌ಎಂಎಂಎಸ್ ಪರೀಕ್ಷೆ. ಕೇಂದ್ರ ಸರ್ಕಾರ 2008ರಲ್ಲಿ ತಂದ ವಿದ್ಯಾರ್ಥಿವೇತನ ಇದು. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಬರೆಯಬಹುದು. ಎರಡು ಪತ್ರಿಕೆ, ತಲಾ 90 ಪ್ರಶ್ನೆ: ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ ವಿಷಯಗಳದ್ದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ದುಡ್ಡು ಬರುತ್ತದೆ. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2017ರಿಂದ 1,000 ಆಯಿತು. ಪಟ್ಟಣದವರಿಗೆ ಇದು ದೊಡ್ಡ ಮೊತ್ತ ಅನ್ನಿಸಲಿಕ್ಕಿಲ್ಲ. ಆದರೆ ಈ ಯೋಜನೆಯೊಳಗೆ ಒಂದು ಜಾಣತನವಿದೆ. ಪಿಯುಸಿ ಮುಗಿಯುವವರೆಗೆ ದುಡ್ಡು ಬರುತ್ತದೆಂದರೆ, ಹತ್ತಕ್ಕೆ ಶಾಲೆ ಬಿಡಿಸಿದರೆ ಮನೆಗೇ ನಷ್ಟ.

2017ರ ಬ್ಯಾಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಬರೆಯುವುದಿಲ್ಲ. ಲೆಕ್ಕದಲ್ಲಿ ಮುಂದು, ಮಾತಿನಲ್ಲಿ ಹಿಂದು. ಆಗಸ್ಟ್ ಕಳೆಯುತ್ತಿದ್ದಂತೆ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು ಎಂಬಂತಾಯಿತು. ಕೇಳಿದರೆ ಗೆಳತಿಯರು ‘ಕ್ರಾಸಿಂಗಿಗೆ ಹೋಗ್ಯಾಳ್ರಿ’ ಎಂದರು. ಹೈಬ್ರಿಡ್ ಹತ್ತಿಬೀಜ ಬೆಳೆಯುವ ಹೊಲಗಳಲ್ಲಿ ಹೂವಿಗೆ ಹೂವು ಕೂಡಿಸುವ ಕೆಲಸಕ್ಕೆ ನಮ್ಮ ಕಡೆ ಹೇಳುವುದೇ ಹಾಗೆ. ಆ ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂದು ಹುಡುಗಿಯರನ್ನು ಕರೆಯುತ್ತಾರೆ.

ಒಂದು ಸಂಜೆ ಆ ಹೊಲಕ್ಕೆ ಹೋದೆ. ತಾಯಿಯೂ ಮಗಳೂ ಒಂದೇ ಸಾಲಿನಲ್ಲಿದ್ದರು. ಮರುದಿನ ಅರಳಬೇಕಾದ ಮೊಗ್ಗನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನ ಉಗುರನ್ನು ಬುಡಕ್ಕೆ ಊರಿ, ಒಂದು ಸುತ್ತು ತಿರುವಿದರೆ ಎಸಳೂ ಪರಾಗದ ಕೊಳವೆಯೂ ಒಟ್ಟಿಗೆ ಬಿಡಿಸಿಕೊಂಡು ಬರುತ್ತಿದ್ದವು. ನಡುವೆ ಬಿಳಿಯ ಎಳೆಯೊಂದು ಬೆತ್ತಲಾಗಿ ನಿಲ್ಲುತ್ತಿತ್ತು. ಅದಕ್ಕೆ ಉಗುರು ತಾಗಿದರೆ ಕಾಯಿ ಕಟ್ಟುವುದಿಲ್ಲ. ಹುಡುಗಿ ನೋಡದೆಯೇ ಬಿಡಿಸುತ್ತಿದ್ದಳು. ನಾನು ‘ಯಾಕೆ ಹೀಗೆ ಬಿಡಿಸ್ತೀರಿ?’ ಎಂದು ಕೇಳಿದೆ. ತರಗತಿಯಲ್ಲಿ ಬಾಯಿ ಬಿಡದವಳು ತಟ್ಟನೆ ಹೇಳಿದಳು: ‘ತನ್ನ ಪುಡಿ ತನಗ ಬಿದ್ರ ಬೀಜ ಕೆಡ್ತದ್ರಿ ಟೀಚರ್. ನಾಳಿ ಮುಂಜಾನಿ ಆ ಸಾಲಿನ ಗಂಡು ಹೂವ ತಂದು ಇದಕ್ಕ ಒರಸ್ಬೇಕು. ಒರಸಿದ್ದಕ್ಕ ದಾರ ಕಟ್ಟತೀವಿ, ಇಲ್ಲಂದ್ರ ಯಾವ್ದು ಆಗ್ಯದ ಯಾವ್ದು ಇಲ್ಲ ಗೊತ್ತಾಗಂಗಿಲ್ಲ.’ ವಿಜ್ಞಾನದ ಪುಸ್ತಕದಲ್ಲಿ ಪರಾಗಸ್ಪರ್ಶದ ಪಾಠ ಓದಿ ಒಪ್ಪಿಸುವ ಮಕ್ಕಳನ್ನು ಎಷ್ಟೋ ಮಂದಿ ನೋಡಿದ್ದೆ. ಯಾಕೆ, ಹೇಗೆ, ಗುರುತು ಹಾಕುವುದು ಯಾತಕ್ಕೆ ಎಂದು ಇಷ್ಟು ಚೊಕ್ಕವಾಗಿ ಹೇಳಿದವರನ್ನು ನೋಡಿರಲಿಲ್ಲ.

ಕುವೆಂಪು ಅವರ ಬದುಕಿನ ಒಂದು ಪ್ರಸಂಗವನ್ನು ನಾನು ಮಕ್ಕಳಿಗೆ ಆಗಾಗ ಹೇಳುತ್ತಿದ್ದೆ. ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು, ಒಂದು ಚಿಕ್ಕ ಸಂಕಲನವೂ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅಲ್ಲಿಗೆ ಬಂದಾಗ ಅವರಿಗೆ ತಮ್ಮ ಕವಿತೆಗಳನ್ನು ತೋರಿಸಿದರು. ಕಸಿನ್ಸ್ ಓದಿ ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ ಕೊಟ್ಟರು. ಮುಂದಿನದು ಎಲ್ಲರಿಗೂ ಗೊತ್ತಿದೆ. ನನಗೆ ಈ ಪ್ರಸಂಗದಲ್ಲಿ ಮುಖ್ಯವೆನಿಸುವುದು ಕಸಿನ್ಸ್ ಮೊದಲು ಓದಿದರು ಎಂಬುದು. ಎದುರಿಗಿರುವ ಹುಡುಗನ ಕೈಯಲ್ಲಿ ಏನಿದೆಯೆಂದು ನೋಡಿ ಆಮೇಲೆ ಮಾತಾಡಿದರು. ಹುಡುಗ ನೋಡುತ್ತಿದ್ದುದು ದೂರದ ಎತ್ತರವನ್ನು. ಅವರು ತೋರಿಸಿದ್ದು ಅವನ ಕಾಲ ಕೆಳಗಿನ ನೆಲವನ್ನು, ಅಲ್ಲಿಂದ ಏಳಬಹುದಾದ ಎತ್ತರವನ್ನು. ಆ ಸಂಜೆ ಹತ್ತಿಯ ಸಾಲಿನಲ್ಲಿ ನಿಂತು, ಈ ಹುಡುಗಿ ಏನು ಓದಬೇಕು ಎಂಬುದು ನನಗೂ ಹೊಳೆಯಿತು.

ಅದಕ್ಕೆ ಮೊದಲು ತಾಯಿಯನ್ನು ಒಪ್ಪಿಸಬೇಕಿತ್ತು. ಬದುವಿನ ಮೇಲೆ ಕುಳಿತು ಮಾತಾಡಿದೆವು.

‘ಓದ್ಲಿ ಅಂತ ನನಗೂ ಐತ್ರಿ ಟೀಚರ್. ಹತ್ತು ಆದ್ರ ಸಾಕಲ್ರಿ? ಹೆಚ್ಚಿಗಿ ಓದಿಸಿದ್ರ ಹೆಚ್ಚಿಗಿ ಓದಿದ ವರನ್ನ ತರಬೇಕು. ಅವ್ರು ಕೇಳಿದಷ್ಟು ಎಲ್ಲಿಂದ ತಂದು ಕೊಡೋಣ್ರಿ?’

ಆ ತಾಯಿಯ ಲೆಕ್ಕ ಸರಿಯಾಗಿಯೇ ಇತ್ತು. ಹೆಣ್ಣುಮಕ್ಕಳನ್ನು ಓದಿಸದವರು ಅಜ್ಞಾನಿಗಳು ಎಂದು ಮಾತಾಡುವವರು ಒಮ್ಮೆ ಇಂಥ ಬದುವಿನ ಮೇಲೆ ಕುಳಿತು ಈ ಲೆಕ್ಕವನ್ನು ಕೇಳಿಸಿಕೊಳ್ಳಬೇಕು. ಓದಿದರೆ ಜ್ಞಾನ ಬರುತ್ತದೆ ಎಂದು ನಾನು ಹೇಳಲಿಲ್ಲ. ಸೀಸನ್ನಿಗೆ ಕ್ರಾಸಿಂಗಿನಿಂದ ಎಷ್ಟು ಬರುತ್ತದೆ ಎಂದು ಕೇಳಿ, ಎನ್‌ಎಂಎಂಎಸ್ ದುಡ್ಡು ವರ್ಷಕ್ಕೆ ಹನ್ನೆರಡು ಸಾವಿರ, ನಾಲ್ಕು ವರ್ಷಕ್ಕೆ ನಲವತ್ತೆಂಟು ಸಾವಿರ ಎಂದು ಲೆಕ್ಕ ಬಿಡಿಸಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದ ಪ್ರಶ್ನೆ ನನಗೆ ಈಗಲೂ ಕಿವಿಯಲ್ಲಿದೆ: ‘ಆ ರೊಕ್ಕ ಅಕಿ ಹೆಸರಿಲೇ ಬರ್ತದ್ರ್ಯಾ? ನಮ್ಮ ಮನ್ಯಾನ ಗಂಡಸರ ಕೈಯಾಗ ಕೊಡಂಗಿಲ್ಲಲ್ಲ?’ ಇಲ್ಲ, ಹುಡುಗಿಯ ಬ್ಯಾಂಕ್ ಖಾತೆಗೇ ಬರುತ್ತದೆ ಅಂದೆ. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಮುಂಜಾನಿ ಹೂವಿಂದು ನಾ ಒಬ್ಬಾಕಿನೇ ಮಾಡ್ತೀನಿ. ಅಕಿ ಸಾಲಿಗಿ ಬರ್ಲಿ. ಸಂಜಿಗಿ ಮೊಗ್ಗು ಬಿಡಿಸಾಕ ಬಂದ್ರ ಸಾಕು’ ಎಂದಳು. ಎರಡಾಳಿನ ಕೆಲಸವನ್ನು ಒಬ್ಬಳೇ ಹೊತ್ತುಕೊಂಡ ಆ ಮಾತಿಗಿಂತ ದೊಡ್ಡ ಪ್ರೋತ್ಸಾಹ ಆ ಹುಡುಗಿಗೆ ಬದುಕಿನಲ್ಲಿ ಯಾರಿಂದಲೂ ಸಿಕ್ಕಿರಲಿಕ್ಕಿಲ್ಲ.

ಶಾಲೆ ಶುರುವಾಗುವ ಮೊದಲು ವರಾಂಡದಲ್ಲಿ ಪರೀಕ್ಷೆಯ ತಯಾರಿ ನಡೆಸುತ್ತಿದ್ದೆವು. ಸಂಖ್ಯಾಶ್ರೇಣಿ, ಕನ್ನಡಿ ಬಿಂಬ, ಸಂಕೇತ ಬಿಡಿಸುವುದು, ದಿಕ್ಕಿನ ಲೆಕ್ಕ. ದಿಕ್ಕಿನ ಲೆಕ್ಕದಲ್ಲಿ ಹೊಲದ ಮಕ್ಕಳನ್ನು ಮೀರಿಸುವವರಿಲ್ಲ. ಸೂರ್ಯ ಎತ್ತ ಇದ್ದರೆ ನೆರಳು ಎತ್ತ ಎಂಬುದನ್ನು ಅವರು ಯೋಚಿಸಿ ಹೇಳಬೇಕಾಗಿಯೇ ಇಲ್ಲ. ತೊಡಕಾದದ್ದು ಓಎಂಆರ್ ಹಾಳೆ. ಉತ್ತರ ಗೊತ್ತಿದ್ದರೂ ಯಾವ ಸಾಲಿನ ಯಾವ ವೃತ್ತ ತುಂಬಬೇಕೆಂದು ತಪ್ಪುತ್ತಿದ್ದರು. ಲಿಂಗಸುಗೂರಿನಲ್ಲಿ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ತಂದು ಕೊಟ್ಟೆ. ಆ ಹುಡುಗಿ ಪ್ರತಿ ವೃತ್ತವನ್ನೂ ಮೊಗ್ಗು ಹಿಡಿದಷ್ಟೇ ಜತನದಿಂದ, ಗೆರೆ ದಾಟದಂತೆ, ಉಸಿರು ಬಿಗಿಹಿಡಿದು ತುಂಬುತ್ತಿದ್ದಳು. ಒಂದೊಂದಕ್ಕೆ ಅಷ್ಟು ಹೊತ್ತು ತೆಗೆದುಕೊಂಡರೆ ತೊಂಬತ್ತು ಪ್ರಶ್ನೆ ಮುಗಿಯುವುದಿಲ್ಲ ಎಂದು ಗಡಿಯಾರ ಮುಂದಿಟ್ಟು ಕೂರಿಸಿದೆ. ನಿಧಾನಕ್ಕೆ ಕೈ ಹಗುರವಾಯಿತು.

ಪರೀಕ್ಷೆಗಿಂತ ಕಷ್ಟದ ಕೆಲಸ ಕಾಗದಪತ್ರಗಳದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಎಷ್ಟೋ ಮಕ್ಕಳ ದಾರಿ ನಿಂತುಹೋಗುವುದು ಇಲ್ಲಿಯೇ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಅಲ್ಲಿ ಕೊಡುವ ಪತ್ರದ ಮೇಲೆ ಆರ್‌ಡಿ ನಂಬರು ಇರುತ್ತದೆ. ಮುಂದೆ ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್ಲಿಗೆ, ಸಿಇಟಿಗೆ ಎಲ್ಲೆಡೆ ಕೇಳುವುದು ಅದನ್ನೇ. ನಮ್ಮ ಹುಡುಗಿಗೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದಕ್ಷರ ಬೇರೆ, ಪಡಿತರ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಮೂರೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ತಂದೆ ಗುಳೆ ಹೋಗಿದ್ದ. ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದರೆ ಅಲ್ಲಿ ಸರ್ವರ್ ಇಲ್ಲ. ಮತ್ತೊಂದು ದಿನ ಬಂದರೆ ಬೆರಳಚ್ಚು ಹೊಂದುತ್ತಿಲ್ಲ, ಕಳೆ ಕಿತ್ತು ಕಿತ್ತು ಬೆರಳಿನ ಗೆರೆ ಸವೆದಿದೆ. ಇದನ್ನೆಲ್ಲ ದಾಟಿಸುವವರು ಜೊತೆಗಿಲ್ಲದಿದ್ದರೆ ಓದಿನಲ್ಲಿ ಎಷ್ಟೇ ಮುಂದಿರುವ ಮಗುವೂ ಹಿಂದೆ ಉಳಿಯುತ್ತದೆ, ಆಮೇಲೆ ನಾವೆಲ್ಲ ಅದಕ್ಕೆ ಆಸಕ್ತಿಯಿಲ್ಲ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಅವಳು ಆಯ್ಕೆಯಾದಳು. ಹೆಸರಿನ ಆ ಒಂದಕ್ಷರ ಸರಿಹೋಗಿ ಮೊದಲ ಕಂತು ಖಾತೆಗೆ ಬರುವ ಹೊತ್ತಿಗೆ ಅವಳು ಹತ್ತನೇ ತರಗತಿಯಲ್ಲಿದ್ದಳು.

ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ಕಳಕಳಿಯಿಂದಲೇ ಹೇಳಿದರು: ‘ಮೇಡಂ, ಹುಡುಗರಿಗೆ ಹೆಚ್ಚಿಗಿ ಆಸೆ ಹಚ್ಚಬ್ಯಾಡ್ರಿ. ಸಿಗಲಿಲ್ಲ ಅಂದ್ರ ಕುಗ್ಗಿಬಿಡ್ತಾವು.’ ಅವರದು ಉದಾಸೀನದ ಮಾತಲ್ಲ. ಮೇಲೇರಲು ಹೋಗಿ ಸೋತು ಬಂದ ಮಕ್ಕಳನ್ನು ಅವರೂ ನೋಡಿದ್ದರು, ನಾನೂ ನೋಡಿದ್ದೇನೆ. ಆ ಮಾತನ್ನು ನಾನು ಬಹಳ ದಿನ ತೂಗಿ ನೋಡಿದೆ. ಆಸೆ ಹಚ್ಚದೆ ಬಿಟ್ಟ ಮಗುವಿಗೆ ನೋವಾಗುವುದಿಲ್ಲ ಎಂಬುದು ಸುಳ್ಳು. ಅದರ ನೋವು ತಡವಾಗಿ, ಮೂವತ್ತನೇ ವಯಸ್ಸಿನಲ್ಲಿ, ‘ನನಗೆ ಯಾರೂ ಹೇಳಲೇ ಇಲ್ಲ’ ಎಂಬ ರೂಪದಲ್ಲಿ ಬರುತ್ತದೆ. ಊರಿನ ಎಷ್ಟೋ ಹೆಂಗಸರ ಬಾಯಲ್ಲಿ ಆ ಮಾತು ಕೇಳಿದ್ದೇನೆ. ಆಸೆ ಹಚ್ಚಬೇಕು, ಜೊತೆಗೆ ಎರಡನೇ ದಾರಿಯನ್ನೂ ತೋರಿಸಿಡಬೇಕು. ಅದಕ್ಕೇ ನಾನು ಯಾವ ಮಗುವಿಗೂ ಒಂದೇ ಅರ್ಜಿ ತುಂಬಿಸಿದವಳಲ್ಲ. ಮೊದಲನೆಯದು ಸಿಗದಿದ್ದರೆ ಎರಡನೆಯದು ಕೈಯಲ್ಲಿರಬೇಕು.

ಎರಡನೇ ದಾರಿಯೇ ಒಬ್ಬನಿಗೆ ಮೊದಲನೆಯದಾಯಿತು. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಊರಿನವರು ಆ ಹುಡುಗನನ್ನು ಕರೆಯುತ್ತಿದ್ದರು. ಓದಿನಲ್ಲಿ ಸಾಧಾರಣ, ಇಂಗ್ಲಿಷ್ ಎಂದರೆ ಜ್ವರ. ಪಿಯುಸಿ ವಿಜ್ಞಾನಕ್ಕೆ ಹೋದರೆ ಅವನು ತಾಳುವುದಿಲ್ಲವೆಂದು ನನಗೆ ಅನ್ನಿಸಿತು. ಹತ್ತರ ನಂತರ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ ಇದೆ, ಅದು ಮುಗಿದ ಮೇಲೆ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು ಎಂದು ಹೇಳಿದೆ. ‘ಎರಡನೇ ವರ್ಷಕ್ಕ ಹೆಂಗ್ ತಗೋತಾರ್ರಿ?’ ಎಂದು ಅವನು ನಂಬಲಿಲ್ಲ. ನಿಯಮವಿರುವ ಕಾಗದವನ್ನು ತಂದು ಕೈಗೆ ಕೊಟ್ಟೆ. ಅವನು ಅದನ್ನು ಮಡಚಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಈಗ ಒಂದು ಸಬ್‌ಸ್ಟೇಷನ್ನಿನಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದಾನೆ.

ಮತ್ತೆ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳಿಗೊಬ್ಬ ಅಣ್ಣನಿದ್ದ. ಅವನೂ ನನ್ನ ವಿದ್ಯಾರ್ಥಿಯೇ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟು ತಂದೆಯ ಜೊತೆ ಬೆಂಗಳೂರಿಗೆ ಹೋಗಿ ಗಾರೆ ಕೆಲಸ ಹಿಡಿದ. ಅವನನ್ನು ಹಿಂದಕ್ಕೆ ಕರೆತರಲು ನಾವು ಮಾಡಿದ ಪ್ರಯತ್ನ ಫಲಿಸಲಿಲ್ಲ, ಮನೆಯ ಮೇಲೆ ಸಾಲವಿತ್ತು. 2020ರಲ್ಲಿ ಕೋವಿಡ್ ನಡುವೆ ಜೂನ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಮಾಸ್ಕ್ ಹಾಕಿಕೊಂಡು, ದೂರದೂರ ಕುಳಿತು ಮಕ್ಕಳು ಬರೆದರು. ಅವಳು ಒಳ್ಳೆಯ ಅಂಕ ತೆಗೆದು ಲಿಂಗಸುಗೂರಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಳು. ಸೇರಿದ ಮೇಲೆ ಪಾಠವೆಲ್ಲ ಫೋನಿನಲ್ಲಿ. ಮನೆಯಲ್ಲಿ ಫೋನಿರಲಿಲ್ಲ. ಅಣ್ಣ ಕೆಲಸವಿಲ್ಲದೆ ಊರಿಗೆ ಬಂದವನು ಮತ್ತೆ ಬೆಂಗಳೂರಿಗೆ ಹೋಗಿ, ಮೊದಲ ಬಟವಾಡೆಯಲ್ಲಿ ಹಳೆಯ ಫೋನೊಂದನ್ನು ಕೊಂಡು ಊರಿನವರ ಕೈಯಲ್ಲಿ ಕಳಿಸಿದ. ಒಬ್ಬರು ಮೇಲೇರಿದ ಕಥೆ ಹೇಳುವಾಗ ನಾವು ಏರಿದವರ ಹೆಸರನ್ನು ಮಾತ್ರ ಹೇಳುತ್ತೇವೆ. ಕೆಳಗೆ ನಿಂತು ಹೆಗಲು ಕೊಟ್ಟವರಿಗೂ ಒಂದು ಕಾಲದಲ್ಲಿ ಆಸೆಗಳಿದ್ದವು. ಅವನು ಎಂಟನೇ ತರಗತಿಯಲ್ಲಿ ‘ಡ್ರೈವರ್’ ಎಂದಿದ್ದ.

2022ರಲ್ಲಿ ಅವಳು ಸಿಇಟಿ ಬರೆದಳು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಬಿಇಒ ಅವರ ಸಹಿಯಿರುವ ಪತ್ರಗಳು ಬೇಕು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದವಳೆಂಬುದಕ್ಕೆ ಸಹಾಯಕ ಆಯುಕ್ತರ ಪ್ರಮಾಣಪತ್ರ ಬೇಕು. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ಇಲ್ಲಿನ ಮಕ್ಕಳಿಗೇ ಮೀಸಲು ಎಂಬುದು ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ. ಮನೆಗೆ ಎರಡೆಕರೆ ಒಣಭೂಮಿ ಇದ್ದುದರಿಂದ ಕೃಷಿ ಬಿ.ಎಸ್ಸಿ.ಗೆ ರೈತರ ಮಕ್ಕಳ ಕೋಟಾದಲ್ಲಿ ಅರ್ಜಿ ಹಾಕಿಸಿದೆ. ಆ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕೂರಿಗೆ ಕುಂಟೆಗಳನ್ನು ಇಟ್ಟಿರುತ್ತಾರೆ, ಗುರುತಿಸಿ ಬರೆಯಬೇಕು. ಪರೀಕ್ಷೆ ಮುಗಿಸಿ ಹೊರಗೆ ಬಂದವಳ ಮುಖ ಅರಳಿತ್ತು. ‘ಟೀಚರ್, ಎಲ್ಲಾ ನಮ್ಮ ಹೊಲದಾಗಿನವೇ ಇಟ್ಟಾರ್ರಿ!’ ಎಂದಳು. ತಾನು ಹುಟ್ಟಿದಂದಿನಿಂದ ಕಂಡ ವಸ್ತುಗಳಿಗೆ ಅಂಕ ಸಿಗುತ್ತದೆ ಎಂದು ಅವಳಿಗೆ ಅದೇ ಮೊದಲು ಗೊತ್ತಾದದ್ದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತು.

ನಾನು ನಿವೃತ್ತಿಯಾಗುವ ಮೊದಲು ಒಂದು ಶನಿವಾರ ಅವಳನ್ನು ಶಾಲೆಗೆ ಕರೆಸಿದೆ. ಕೊರಳಲ್ಲಿ ವಿಶ್ವವಿದ್ಯಾಲಯದ ಗುರುತಿನ ಚೀಟಿ ಇತ್ತು. ಎಂಟನೇ ತರಗತಿಯ ಹುಡುಗಿಯರು ಅದನ್ನು ಹಿಡಿದು, ತಿರುಗಿಸಿ, ಫೋಟೋವನ್ನೂ ಅವಳ ಮುಖವನ್ನೂ ಹೋಲಿಸಿ ನೋಡಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಕನಸಿನ ಮಾತೇ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ರೊಟ್ಟಿ ಕೊಡ್ತಾರಾ? ಇಂಗ್ಲಿಷಿನಲ್ಲಿ ಪಾಠ ಮಾಡಿದರೆ ಹೇಗೆ ತಿಳಿಯಿತು? ಊರಿಗೆ ಬರಲು ರಜೆ ಕೊಡ್ತಾರಾ? ಅಪ್ಪ ಬೈಲಿಲ್ಲೇನು? ಅವಳು ಒಂದೊಂದಕ್ಕೂ ಉತ್ತರ ಹೇಳಿದಳು. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ತಿಳಿಯದೆ ಅತ್ತದ್ದನ್ನೂ, ಹಾಸ್ಟೆಲ್ಲಿನ ಅಕ್ಕನೊಬ್ಬಳು ರಾತ್ರಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದ್ದನ್ನೂ ಮುಚ್ಚಿಡದೆ ಹೇಳಿದಳು. ಅದೇ ಊರಿನ, ಅದೇ ಹೊಲದ, ಅದೇ ಮಾತಿನ ಹುಡುಗಿ ಎದುರಿಗೆ ನಿಂತು ಹೇಳಿದ ಆ ಅರ್ಧ ಗಂಟೆಯ ಮಾತು ನನ್ನ ಇಷ್ಟು ವರ್ಷಗಳ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಮರುವಾರ ಎನ್‌ಎಂಎಂಎಸ್ ತಯಾರಿಗೆ ಬರುತ್ತೇವೆಂದು ಹುಡುಗಿಯರು ತಾವಾಗಿಯೇ ಬಂದು ಹೆಸರು ಬರೆಸಿದರು.

ನಿವೃತ್ತಿಯ ನಂತರವೂ ಈ ಕೆಲಸ ನನ್ನನ್ನು ಬಿಟ್ಟಿಲ್ಲ. ಈಗ ತುಮಕೂರಿನ ಹತ್ತಿರ ತಂಗಿಯ ಮನೆಯಲ್ಲಿದ್ದೇನೆ. ಇಲ್ಲಿಯ ಸರ್ಕಾರಿ ಶಾಲೆಯ ಮಕ್ಕಳಿಗೂ ಸಂಜೆ ಲೆಕ್ಕ ಹೇಳಿಕೊಡುತ್ತೇನೆ. ಇಲ್ಲಿಯೂ ‘ಮುಂದೇನು?’ ಎಂಬ ಪ್ರಶ್ನೆಗೆ ಉತ್ತರ ಹೆಚ್ಚು ಬೇರೆಯಾಗಿಲ್ಲ. ಪಟ್ಟಣ ಹತ್ತಿರವಿದ್ದ ಮಾತ್ರಕ್ಕೆ ದಾರಿ ಗೊತ್ತಾಗುವುದಿಲ್ಲ, ದಾರಿ ಗೊತ್ತಿದ್ದವರು ಮನೆ ಬಾಗಿಲಿಗೆ ಬಂದು ಹೇಳಬೇಕು.

ಇದನ್ನು ಓದುತ್ತಿರುವ ನೀವು ಓದಿ ಒಂದು ನೆಲೆಗೆ ಬಂದವರು. ನಿಮ್ಮ ಮನೆಗೆ ಹಾಲು ಹಾಕುವವರ, ಪಾತ್ರೆ ತೊಳೆಯುವವರ, ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುವವರ ಮಕ್ಕಳಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯ ಎಂಟನೇ ತರಗತಿಯಲ್ಲಿ ಓದುವವರು ಯಾರಾದರೂ ಇದ್ದೇ ಇರುತ್ತಾರೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದಿದ್ದರೆ, ಏಳನೇ ತರಗತಿಯಲ್ಲಿ ನೂರಕ್ಕೆ 55 ಅಂಕವಿದ್ದರೆ, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 50 ಇದ್ದರೆ, ಆ ಮಗು ಎನ್‌ಎಂಎಂಎಸ್ ಬರೆಯಬಹುದು. ಈ ವರ್ಷದ ಅರ್ಜಿ ಕರೆದಿದ್ದಾರೆಯೇ ಎಂದು ಅದರ ಶಾಲೆಗೆ ಹೋಗಿ ವಿಚಾರಿಸಿ. ಆಧಾರಿನಲ್ಲಿ, ಶಾಲೆಯ ದಾಖಲೆಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಹೆಸರು ಅಕ್ಷರಶಃ ಒಂದೇ ಇದೆಯೇ ಎಂದು ಮಗುವಿನ ಪಕ್ಕದಲ್ಲಿ ಕುಳಿತು ನೋಡಿ. ಬೇರೆಯಿದ್ದರೆ ಈ ತಿಂಗಳಲ್ಲೇ ಸರಿಮಾಡಿಸಿ, ತಾಯಿ ತಂದೆಗೆ ಕೂಲಿ ಬಿಟ್ಟು ಬರಲು ಆಗದಿದ್ದರೆ ನೀವೇ ಜೊತೆಗೆ ಹೋಗಿ.